ತೀರ್ಪು ಮೊದಲು, ತನಿಖೆ ಆಮೇಲೆ

ನಂಜನಗೂಡು ಸೀಮೆಯ ಹೆಮ್ಮರಗಾಲದಲ್ಲಿ ಒಬ್ಬ ದೇವರಿದ್ದಾನೆ. ಸಂತಾನ ವೇಣುಗೋಪಾಲಸ್ವಾಮಿ. ಕೌಂಡಿನ್ಯ ಋಷಿ ತಪಸ್ಸು ಮಾಡಿದ ಜಾಗವೆಂದು ಪ್ರತೀತಿ. ಮಕ್ಕಳಿಲ್ಲದವರು ದೂರದೂರದಿಂದ ಹರಕೆ ಹೊತ್ತು ಬರುತ್ತಾರೆ. ಇಂಥ ದೇವರನ್ನು ಸುತ್ತಿನ ಜನ ಸಲುಗೆಯಿಂದ ಕರೆಯುವುದು ಮಾತ್ರ ಹುಚ್ಚು ಗೋಪಾಲ ಅಂತ. ಆ ಬಿರುದು ಬಂದ ಕಥೆ ಹೇಳುತ್ತಾರೆ. ಒಬ್ಬ ಚೋಳರಾಜ, ಅವನಿಗೆ ಸಾಲುಸಾಲಾಗಿ ಹೆಣ್ಣುಮಕ್ಕಳು. ಎಷ್ಟು ಮಂದಿ ಅನ್ನುವುದು ಹೇಳುವವರ ಬಾಯಿಗೊಂದು ಲೆಕ್ಕ. ಗಂಡು ಬೇಕೆಂದು ಗೋಪಾಲನಿಗೆ ಹರಕೆ ಹೊತ್ತ. ಮತ್ತೆ ಹೆಣ್ಣೇ ಹುಟ್ಟಿತು. ರಾಜ ಕೆಂಡವಾಗಿ ಗುಡಿಯನ್ನೇ ಕೆಡವಿಸಲು ಹೊರಟ. ಗೋಪಾಲ ಏನು ಮಾಡಿಯಾನು? ಆ ಹುಡುಗಿಯರನ್ನೆಲ್ಲ ಒಂದೇ ಏಟಿಗೆ ಗಂಡುಮಕ್ಕಳನ್ನಾಗಿ ಮಾಡಿ ನಿಲ್ಲಿಸಿದ. ರಾಜ ಬೆರಗಾಗಿ, ಎಲಾ ಹುಚ್ಚು ಗೋಪಾಲ, ಅಂದನಂತೆ.

ಭಕ್ತಿಯ ಮಾತು ಹಾಗಿರಲಿ. ಇಲ್ಲಿ ನಡೆದ ನ್ಯಾಯ ನೋಡಿ. ಕೇಳಿದ್ದು ಸಿಗಲಿಲ್ಲವೆಂದು ಗುಡಿಗೇ ಗುದ್ದಲಿ ಎತ್ತಿದ ರಾಜನಿಗೆ ಹುಚ್ಚಿಲ್ಲ. ಹೆದರಿಯೋ ಮರುಕಪಟ್ಟೋ ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಕೊಟ್ಟ ದೇವರಿಗೆ ಹುಚ್ಚು. ಅಷ್ಟೂ ಹೆರಿಗೆಗಳನ್ನು ದಾಟಿ ಬಂದ ರಾಣಿಯ ಹೆಸರನ್ನು ಕಥೆ ಹೇಳುವವರು ಎತ್ತುವುದಿಲ್ಲ. ಬೆಳಿಗ್ಗೆ ಹೆಣ್ಣಾಗಿದ್ದು ಮಧ್ಯಾಹ್ನಕ್ಕೆ ಗಂಡಾದ ಆ ಮಕ್ಕಳನ್ನು, ಈಗ ಹೇಗನ್ನಿಸುತ್ತಿದೆಯಪ್ಪಾ ಎಂದು ಕೇಳಿದವರೂ ಇಲ್ಲ. ತೀರ್ಪು ಕೊಟ್ಟವನು ಅರ್ಜಿದಾರನೇ ಆದ್ದರಿಂದ ಸಾಕ್ಷಿಗಳ ಅಗತ್ಯ ಬೀಳಲಿಲ್ಲ.

ದೇವರನ್ನೇ ಬಿಡದ ಈ ಕೋರ್ಟು ಮನುಷ್ಯರನ್ನು ಬಿಟ್ಟೀತೇ? ನಂಜನಗೂಡಿನಿಂದ ನರಸೀಪುರದವರೆಗೆ ಯಾವ ಊರಿಗೆ ಹೋದರೂ ಇದರ ಶಾಖೆಗಳಿವೆ. ಅರಳಿಕಟ್ಟೆಯ ಮೇಲೊಂದು, ಡೇರಿಯ ಮುಂದೊಂದು, ಟೀ ಅಂಗಡಿಯ ಬೆಂಚಿನ ಮೇಲೊಂದು. ಈಚೆಗೆ ವಾಟ್ಸಾಪಿನಲ್ಲಿ ರಾತ್ರಿ ಪಾಳಿಯೂ ಶುರುವಾಗಿದೆ. ಎಲ್ಲ ಕಡೆಯೂ ಕಾನೂನು ಒಂದೇ. ಕೆಟ್ಟದ್ದು ನನಗಾದರೆ ಗ್ರಹಚಾರ, ನಿನಗಾದರೆ ನಿನ್ನ ಗುಣ.

ನನ್ನ ಗದ್ದೆ ಒಣಗಿದರೆ ಕಬಿನಿ ನಾಲೆಗೆ ನೀರು ಬಿಡಲಿಲ್ಲ. ಬದುವಿನಾಚೆ ಪಕ್ಕದವನದು ಒಣಗಿದರೆ ಅವನು ಮೈಗಳ್ಳ. ಇಬ್ಬರಿಗೂ ನೀರು ಬಿಡದಿದ್ದ ನಾಲೆ ಒಂದೇ ಎಂಬುದನ್ನು ಕೋರ್ಟು ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ನಂಜನಗೂಡು ರಸಬಾಳೆಯ ಕಥೆಯೂ ಇದೇ. ಪನಾಮಾ ಸೊರಗು ರೋಗದ ಶಿಲೀಂಧ್ರ ಒಮ್ಮೆ ಮಣ್ಣು ಹೊಕ್ಕರೆ ವರ್ಷಾನುಗಟ್ಟಲೆ ಬಿಡುವುದಿಲ್ಲ. ತೋಟಕ್ಕೆ ತೋಟವೇ ಮಲಗಿಬಿಟ್ಟಿತು. ಭೌಗೋಳಿಕ ಗುರುತಿನ ಸರ್ಟಿಫಿಕೇಟು ಬಂತು, ಹಣ್ಣು ಮಾತ್ರ ಅಪರೂಪವಾಯಿತು. ಕಟ್ಟೆಯ ಮೇಲೆ ಕೂತವರಿಗೆ ಶಿಲೀಂಧ್ರ ಕಾಣುವುದಿಲ್ಲ, ಎದುರಿಗೆ ಹೋಗುವ ಹುಡುಗ ಕಾಣುತ್ತಾನೆ. "ಈಗ್ನ ಐಕಳ್ಗ ಮೈ ಬಗ್ಗದಿಲ್ಲ ಕನಪ್ಪ, ಅದ್ಕೇ ರಸಬಾಳ ಓಯ್ತು." ಹೀಗೆ ಹೇಳಿದ ಯಜಮಾನರ ತೋಟದಲ್ಲೂ ರಸಬಾಳೆ ಇತ್ತು, ಅದೂ ಹೋಯಿತು. ಅವರದು ರೋಗ ಬಂದು ಹೋಗಿದ್ದು, ಅಷ್ಟೇ ವ್ಯತ್ಯಾಸ.

ಮಗ ಪರೀಕ್ಷೆ ಪಾಸಾದರೆ ತಲೆ. ಇನ್ನೊಬ್ಬರ ಮಗ ಪಾಸಾದರೆ ಕಾಪಿ. ಕೇರಿಯ ಹುಡುಗ ಪಾಸಾದರಂತೂ ಮೀಸಲಾತಿ. ಉತ್ತರಪತ್ರಿಕೆ ತಿದ್ದುವವರಿಗೆ ಹುಡುಗನ ಹೆಸರೇ ಗೊತ್ತಿರುವುದಿಲ್ಲ ಎಂದು ಯಾರಾದರೂ ಮೇಷ್ಟ್ರು ಹೇಳಿದರೆ, ಮೇಷ್ಟ್ರ ಜಾತಿ ಯಾವುದು ಎಂಬ ಉಪವಿಚಾರಣೆ ಶುರುವಾಗುತ್ತದೆ.

1977ರಲ್ಲಿ ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞ ಲೀ ರಾಸ್ ಈ ಚಾಳಿಗೊಂದು ಭಾರಿ ಹೆಸರಿಟ್ಟರು. ಪರರ ನಡತೆಗೆ ಕಾರಣ ಹುಡುಕುವಾಗ ಅವರು ಸಿಕ್ಕಿಕೊಂಡ ಸಂದರ್ಭವನ್ನು ಬಿಟ್ಟು ಸೀದಾ ಅವರ ಸ್ವಭಾವಕ್ಕೆ ಕೈ ಹಾಕುತ್ತೇವಲ್ಲ, ಅದು ಮೂಲಭೂತ ದೋಷವಂತೆ. ನಮ್ಮಲ್ಲಿ ಇದನ್ನು ದೋಷ ಎಂದವರಿಲ್ಲ. ಇದು ಎಷ್ಟು ಪಕ್ವವಾಗಿದೆಯೋ ಅಷ್ಟು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ.

ಅದಕ್ಕೂ ಮುಂಚೆ, 1966ರಲ್ಲಿ, ಮೆಲ್ವಿನ್ ಲರ್ನರ್ ಎಂಬ ಇನ್ನೊಬ್ಬರು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಒಬ್ಬ ಹೆಣ್ಣುಮಗಳಿಗೆ ಕರೆಂಟ್ ಶಾಕ್ ಕೊಡುತ್ತಿರುವಂತೆ ನಾಟಕ ಹೂಡಿ ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಆಕೆಯನ್ನು ಬಿಡಿಸುವುದು ತಮ್ಮ ಕೈಯಲ್ಲಿದೆ ಎಂದಾಗ ಬಹುಪಾಲು ಮಂದಿ ಬಿಡಿಸಿದರು. ಕೈಯಲ್ಲಿಲ್ಲ, ಸುಮ್ಮನೆ ನೋಡುತ್ತ ಕೂರಬೇಕು ಎಂದಾದಾಗ ಆಕೆಯ ಬಗ್ಗೆಯೇ ಕೀಳಾಗಿ ಮಾತಾಡತೊಡಗಿದರು. ನೋವು ತಿನ್ನುವವಳಲ್ಲೇ ಏನೋ ಐಬಿದೆ ಎಂದುಕೊಂಡರೆ ನೋಡುತ್ತ ಕೂತವರ ಹೊಟ್ಟೆ ತಣ್ಣಗಿರುತ್ತದೆ. ಪಾಪ, ಲರ್ನರ್ ಅಷ್ಟೆಲ್ಲ ವೈರು ಎಳೆಸಬೇಕಿರಲಿಲ್ಲ. ನಮ್ಮ ಕಡೆಯ ಯಾವುದಾದರೂ ಜಗಲಿಯ ಮೇಲೆ ಒಂದು ಸಂಜೆ ಕೂತಿದ್ದರೆ 'ಮಾಡಿದ್ದುಣ್ಣೋ ಮಹರಾಯ' ಎಂಬ ನಾಲ್ಕು ಕಾಸು ಖರ್ಚಿಲ್ಲದ ಸಿದ್ಧಾಂತ ಕಾಫಿ ಸಮೇತ ಸಿಗುತ್ತಿತ್ತು.

ಈ ಕೋರ್ಟಿನ ಖಾಯಂ ಆರೋಪಿ ಸೊಸೆ. ಅವಳು ಕಾಲಿಟ್ಟ ವರ್ಷ ಹಸು ಸತ್ತರೆ ಅವಳ ಕಾಲ್ಗುಣ. ಅದೇ ವರ್ಷ ಕಬಿನಿ ತುಂಬಿ ಹರಿದರೆ ಮಾದಪ್ಪನ ದಯೆ. ಅವಳ ಕಾಲು ಅದು ಹೇಗೋ ಕೊಟ್ಟಿಗೆಗೆ ಮಾತ್ರ ತಾಕುತ್ತದೆ, ಕಬಿನಿಯವರೆಗೆ ಚಾಚುವುದಿಲ್ಲ. ಮಕ್ಕಳಾಗಲಿಲ್ಲವೋ, ಉಪವಾಸ ಅವಳದು, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಅವಳದು, ಸೂಜಿ ಚುಚ್ಚಿಸಿಕೊಳ್ಳುವ ತೋಳೂ ಅವಳದೇ. ಗಂಡನಾದವನು ಗುಡಿಯ ಹೊರಗೆ ಕಾರಿಗೊರಗಿ ಫೋನಿನಲ್ಲಿ ಸೈಟಿನ ರೇಟು ಮಾತಾಡುತ್ತಿರುತ್ತಾನೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ದೇಹದ ಕಾರಣವೂ ಇರುತ್ತದೆ ಎಂದು ವೈದ್ಯರು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಾರೆ. ಅವನಿಗೂ ಒಂದು ಪರೀಕ್ಷೆ ಮಾಡಿಸಿ ಎಂದರೆ ಅತ್ತೆಯ ಮುಖ ಕಪ್ಪಾಗುತ್ತದೆ. ವಂಶದ ಮಾನವನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸುವುದುಂಟೇ!

ಮಕ್ಕಳಾದವು ಅನ್ನಿ, ಆದರೆ ಹೆಣ್ಣು. ಮತ್ತೆ ಅವಳೇ. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹೆಣ್ಣುಹುಳುವಿನಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನಲ್ಲಿ 19 ದೊಡ್ಡವು, ಒಂದು ಪುಟಾಣಿ. ಆ ಪುಟಾಣಿ ಬಂದರೆ ಗಂಡು, ಬರದಿದ್ದರೆ ಹೆಣ್ಣು. ಅದು ಇರುವುದು ಅಪ್ಪನ ವೀರ್ಯದಲ್ಲಿ ಮಾತ್ರ. ಮನುಷ್ಯರಲ್ಲೂ ಲೆಕ್ಕ ಇದೇ. ಗಂಡಸ್ತನವೆಂದು ನಾವು ಮೀಸೆ ತಿರುವುವ ವಸ್ತು ಅಸಲಿಗೆ ಅಷ್ಟು ಚಿಕ್ಕದು ಎಂಬುದು ಬೇರೆ ಮಾತು. ಇದೆಲ್ಲ ಆಗಿ 120 ವರ್ಷ ದಾಟಿತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಚಿತ್ರ ಸಮೇತ ಪಾಠವಿದೆ. ಹುಡುಗ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತಗೊಂಡು ಮನೆಗೆ ಬರುತ್ತಾನೆ. ಬಂದು, ಎರಡನೇ ಹೆಣ್ಣು ಹೆತ್ತ ಅತ್ತಿಗೆಗೆ ಮನೆಯವರೆಲ್ಲ ಮುಖ ತಿರುಗಿಸಿದರೆ ತಾನೂ ಸೇರಿಕೊಂಡು ತಿರುಗಿಸುತ್ತಾನೆ. ಪಾಠ ಇದ್ದದ್ದು ಪರೀಕ್ಷೆಗೆ.

ಅಕ್ಷರವಿಲ್ಲದ್ದಕ್ಕೆ ಹೀಗೆ ಎನ್ನಲೂ ಆಗದು. ಅಕ್ಷರ ಗೊತ್ತಿಲ್ಲದ ಕಂಸಾಳೆಯವರು ಈ ವಿಚಾರವನ್ನು ಯಾವತ್ತೋ ಹಾಡಿ ಮುಗಿಸಿದ್ದಾರೆ. ಮಲೆ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಅಂತ ಬರುತ್ತದೆ. ಸಂಕಮ್ಮನಿಗೆ ಮಕ್ಕಳಿಲ್ಲ. ಗಂಡ ನೀಲೇಗೌಡ ಮಲೆಗೆ ಹೊರಡುವ ಮುನ್ನ ಹೆಂಡತಿಯ ನಡತೆಯ ಮೇಲೆ ಅನುಮಾನಪಟ್ಟು, ಬಲಗೈ ಮುಟ್ಟಿ ಭಾಷೆ ಕೊಡು ಎಂದು ಪಟ್ಟು ಹಿಡಿಯುತ್ತಾನೆ. ಅವಳು ಏನು ಮಾಡಿದ್ದಳು? ಏನೂ ಇಲ್ಲ. ಆರೋಪವೇ ಇಲ್ಲದ ಮೊಕದ್ದಮೆ ಅದು. ಅವಳು ಒಪ್ಪಲಿಲ್ಲ, ಅವನು ಹಿಂಸೆ ಕೊಟ್ಟ. ಕಡೆಗೆ ಮಾದೇವನೇ ಬಂದು ಅವಳ ಪರ ನಿಲ್ಲಬೇಕಾಯಿತು. ನಿಂತ ದೇವರು ವರ ಕೊಟ್ಟ, ಕಾರಯ್ಯ ಬಿಲ್ಲಯ್ಯ ಹುಟ್ಟಿದರು. (ಅಲ್ಲೂ ಎರಡೂ ಗಂಡೇ ಎಂಬುದನ್ನು ನಾನು ಗಮನಿಸಿಲ್ಲ ಅಂದುಕೊಳ್ಳಬೇಡಿ.) ಈ ಸಾಲು ಹಾಡುವ ರಾತ್ರಿ ನಮ್ಮ ಕಡೆಯ ಗಂಡಸರು ಟವೆಲಿನಲ್ಲಿ ಕಣ್ಣೊರೆಸಿಕೊಂಡು ಸಂಕಮ್ಮನಿಗಾಗಿ ಅಳುತ್ತಾರೆ. ಕೆಲವರು ಮೂಗು ಸೀಟುವ ಸದ್ದಿಗೆ ತಾಳ ತಪ್ಪುವುದೂ ಉಂಟು. ಬೆಳಗಾದ ಮೇಲೆ ಮನೆಗೆ ಹೋಗಿ, ಸೊಸೆ ಫೋನಿನಲ್ಲಿ ಅಷ್ಟು ಹೊತ್ತು ಯಾರ ಹತ್ತಿರ ಮಾತಾಡುತ್ತಿದ್ದಳು ಎಂದು ಮಗನಿಗೆ ವಿಚಾರಿಸಲು ಹೇಳುತ್ತಾರೆ. ಸಂಕಮ್ಮ ದೇವರ ಮಗಳು. ಈಕೆ ಗುಂಡ್ಲುಪೇಟೆ ಕಡೆಯವಳು.

ಆ ಮಾದೇಶ್ವರನ ಬೆಟ್ಟಕ್ಕೇ 2023ರ ಫೆಬ್ರವರಿಯಲ್ಲಿ ಒಂದು ಪಾದಯಾತ್ರೆ ಹೊರಟಿತು. ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ, 30 ದಾಟಿಯೂ ಹೆಣ್ಣು ಸಿಗದ ಬ್ರಹ್ಮಚಾರಿಗಳ ಪಾದಯಾತ್ರೆ. ಹಿಂದಿನ ನವೆಂಬರಿನಲ್ಲಿ ಆದಿಚುಂಚನಗಿರಿಯ ವಧು-ವರರ ಸಮಾವೇಶಕ್ಕೆ ಸುಮಾರು 250 ಹುಡುಗಿಯರ ಎದುರು ಹತ್ತು ಸಾವಿರಕ್ಕೂ ಮೀರಿ ಗಂಡುಗಳು ನೆರೆದು ಸುದ್ದಿಯಾಗಿತ್ತು. ಈ ಹುಡುಗರ ಸಂಕಟ ಸುಳ್ಳಲ್ಲ, ನಗುವಂಥದ್ದೂ ಅಲ್ಲ. ಬೇಸಾಯಕ್ಕೆ ಬೆಲೆಯಿಲ್ಲ, ಓದಿದ ಹುಡುಗಿಯರು ಊರು ಬಿಟ್ಟರು, ಮದುವೆಯ ಪೇಟೆಯಲ್ಲಿ ಎರಡೆಕರೆ ಗದ್ದೆಗಿಂತ ಎರಡು ಕೋಣೆಯ ಬಾಡಿಗೆ ಮನೆಗೆ ಬೆಲೆ ಬಂತು. ನಗು ಬರುವುದು ಕಟ್ಟೆಯ ಷರಾ ಕೇಳಿದಾಗ. "ಎಣ್ಣೈಕಳ್ಗ ಸೊಕ್ಕು ಬಂದದ." ಮುಗಿಯಿತು. ಮಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೇ ಆಗಬೇಕು ಎನ್ನುವ ಅಪ್ಪನೇ, ಬೇಸಾಯ ಮಾಡುವ ಮಗನಿಗೆ ಹೆಣ್ಣು ಕೊಡದ ಎದುರುಮನೆಯವರನ್ನು ಬೈಯುತ್ತಾನೆ. ಮಗಳ ವಿಷಯದಲ್ಲಿ ಅವನದು ಮುಂದಾಲೋಚನೆ. ಎದುರುಮನೆಯವರದು ದುರಾಸೆ.

ಆ ಹುಡುಗರಲ್ಲಿ ಅನೇಕರು 1990ರ ಆಸುಪಾಸಿನವರು. ಸ್ಕ್ಯಾನಿಂಗ್ ಯಂತ್ರ ಊರೂರಿಗೂ ಇಳಿಯತೊಡಗಿ, ಹೊಟ್ಟೆಯೊಳಗಿನದು ಹೆಣ್ಣೋ ಗಂಡೋ ಎಂದು ಹೇಳುವುದೇ ಅಪರಾಧವೆಂದು 1994ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ಕಾಲ. ಇವರ ಜೋಡಿಯಾಗಿ ಶಾಲೆಗೆ ಹೋಗಬೇಕಿದ್ದ ಒಂದಷ್ಟು ಹುಡುಗಿಯರು ಹಾಜರಿ ಪುಸ್ತಕದವರೆಗೂ ಬರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಪ್ರತಿ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948. ಹುಟ್ಟದೇ ಇದ್ದವಳ ಮೇಲೂ ಸೊಕ್ಕಿನ ಆರೋಪ ಹೊರಿಸುವ ಸಾಮರ್ಥ್ಯ ನಮ್ಮ ಕಟ್ಟೆಗಲ್ಲದೆ ಯಾವ ಸುಪ್ರೀಂ ಕೋರ್ಟಿಗಿದೆ?

ಪಾದಯಾತ್ರೆ ಹೋಗಿಬಂದ ಅದೇ ವರ್ಷದ ಕೊನೆಯಲ್ಲಿ ಅದೇ ಮಂಡ್ಯದಿಂದ ಇನ್ನೊಂದು ಸುದ್ದಿ ಬಂತು. ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹಿಡಿದಿದ್ದರು. ಹೆಣ್ಣೆಂದು ತಿಳಿದರೆ ಮುಂದಿನ ಕೆಲಸಕ್ಕೆ ಮೈಸೂರು. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ಎಂದು ಪೊಲೀಸರು ಲೆಕ್ಕ ಹೇಳಿದರು. ಒಂದು ಕಡೆ ಕಬ್ಬು ಅರೆಯುತ್ತಿದೆ, ಬೆಲ್ಲ ಕುದಿಯುತ್ತಿದೆ, ಪಕ್ಕದ ಕೋಣೆಯಲ್ಲಿ ಮುಂದಿನ ಮೂವತ್ತು ವರ್ಷದ ಪಾದಯಾತ್ರೆಗೆ ಹುಡುಗರನ್ನು ಈಗಲೇ ನೋಂದಾಯಿಸಿಕೊಳ್ಳುತ್ತಿದ್ದಾರೆ. ಚೋಳರಾಜನಿಗೆ ಈ ಸೌಕರ್ಯ ಇರಲಿಲ್ಲ, ಅದಕ್ಕೇ ದೇವರ ಹತ್ತಿರ ಜಗಳಕ್ಕೆ ಹೋದ.

ಈ ಸುದ್ದಿ ಓದಿದ ಮೈಸೂರು, ಬೆಂಗಳೂರಿನ ಓದುಗರು ಏನಂದರು ಗೊತ್ತೇ? ಹಳ್ಳಿ ಜನ, ತಿಳಿವಳಿಕೆ ಇಲ್ಲ, ಪಾಪ. ಸೊಸೆಯ ಕಾಲ್ಗುಣ ಎನ್ನುವ ಯಜಮಾನರಿಗೂ ಇವರಿಗೂ ಇರುವ ಅಂತರ ಮೂರನೇ ಮಹಡಿಯ ಬಾಲ್ಕನಿ ಮಾತ್ರ. ಯಂತ್ರ ತಾನಾಗಿ ಆಲೆಮನೆಗೆ ನಡೆದು ಬಂದಿರಲಿಲ್ಲ. ಸಿಕ್ಕಿಬಿದ್ದವರಲ್ಲಿ ಡಾಕ್ಟರರಿದ್ದರು, ಲ್ಯಾಬ್ ತಂತ್ರಜ್ಞರಿದ್ದರು. ಇಡೀ ದೇಶದ 2011ರ ಲೆಕ್ಕ ತೆಗೆದರೆ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಹಳ್ಳಿಗಳಲ್ಲಿ 923 ಹೆಣ್ಣುಮಕ್ಕಳು, ಪಟ್ಟಣಗಳಲ್ಲಿ 905. ತಿಳಿವಳಿಕೆ ಹೆಚ್ಚಾದಷ್ಟೂ ಹುಡುಗಿಯರು ಕಡಿಮೆ. ಆದರೆ ಪಟ್ಟಣದವರಿಗೆ ಕಾರಣಗಳಿವೆ ಬಿಡಿ: ಇಎಂಐ, ಶಾಲೆ ಫೀಸು, ಕಾಲ ಸರಿಯಿಲ್ಲ. ಹಳ್ಳಿಯವರಿಗೆ ಮೌಢ್ಯ.

ಸೊಸೆಯದಾಯಿತು. ಈ ಕೋರ್ಟಿನ ಇನ್ನೊಂದು ವಿಭಾಗದಲ್ಲಿ ಕತ್ತರಿ ಬಾಚಣಿಗೆಯೂ ವಿಚಾರಣೆಗೆ ನಿಲ್ಲುತ್ತವೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಒಬ್ಬ ಕ್ಷೌರಿಕರು ದೂರು ಕೊಟ್ಟರು. ದಲಿತರ ತಲೆಗೂದಲು ಕತ್ತರಿಸಿದ್ದಕ್ಕೆ ಊರಿನ ಕೆಲವರು ತಮ್ಮ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ವಿಧಿಸಿದ್ದಾರೆ ಎಂದು. ಎಲ್ಲರ ಹತ್ತಿರ ಅವರು ತಗೊಳ್ಳುತ್ತಿದ್ದದ್ದು ಶೇವಿಂಗಿಗೆ 60, ಕಟಿಂಗಿಗೆ 80. ದಲಿತರಿಂದ 200, 300 ಕೇಳು ಎಂದು ಒತ್ತಡ ಹಾಕಿದ್ದರೆಂದು ಆಗ ವರದಿಯಾಗಿತ್ತು. ಒಪ್ಪಬೇಕಾದ್ದೇ, ಇದು ಬುದ್ಧಿವಂತರ ತೀರ್ಪು. ಬಾಗಿಲು ಮುಚ್ಚು ಎಂದರೆ ಕೇಸಾಗುತ್ತದೆ, ರೇಟು ಏರಿಸು ಎಂದರೆ ವ್ಯಾಪಾರ. ಮುಂದೆ ಒಂದು ದಿನ ಆ ಅಂಗಡಿಗೆ ಕೇರಿಯವರು ಬರುವುದು ನಿಂತರೆ ಕಟ್ಟೆಗೆ ಆಗಲೇ ಕಾರಣ ಸಿದ್ಧವಿತ್ತು: ಅವರಿಗೆ ಶುಚಿಯಾಗಿರಬೇಕು ಅನ್ನುವ ಆಸೆಯೇ ಇಲ್ಲ ಕಣ್ರೀ. ಮೊದಲು ಬೇಲಿ ಹಾಕುವುದು, ಆಮೇಲೆ ಬೇಲಿಯಾಚೆ ನಿಂತವನ ಸ್ವಭಾವ ಹೀಗೇ ಎನ್ನುವುದು. ಸಂವಿಧಾನ ಓದಿದವರು ಇದಕ್ಕೆ ಅಪರಾಧ ಎನ್ನುತ್ತಾರೆ. ಕಟ್ಟೆಯಲ್ಲಿ ಊರಿನ ರೂಢಿ.

ಇಷ್ಟಾದರೂ ನ್ಯಾಯಾಧೀಶರು ಯಾರೂ ಕೆಟ್ಟವರಲ್ಲ, ಅದೇ ಈ ಕೋರ್ಟಿನ ಸೊಗಸು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಿದಿರು ಕಡಿಯಲು ಹೋಗುವವರು ಅವರೇ. ಹೆರಿಗೆ ನೋವು ಬಂದರೆ ಅರ್ಧರಾತ್ರಿಯಲ್ಲಿ ಟೆಂಪೋ ಹೊಂಚಿ ಕೊಡುವವರೂ ಅವರೇ. ಹುಟ್ಟಿದ್ದೇನು ಎಂದು ಕೇಳುವವರೆಗೂ ಬಲು ಒಳ್ಳೆಯವರು.

ಮೊನ್ನೆ ಅಂಥದೇ ಒಂದು ಕಟ್ಟೆಯ ಬಳಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದ ಬಿ.ಎಸ್ಸಿ. ಓದುವ ಹುಡುಗಿಗೂ ಯಜಮಾನರಿಗೂ ಮಾತಿಗೆ ಮಾತು ಬೆಳೆಯಿತು. ಯಾರದೋ ಮನೆಯಲ್ಲಿ ಮೂರನೆಯದೂ ಹೆಣ್ಣಾಗಿ, ಆ ತಾಯಿಯ ಹೊಟ್ಟೆಯ ಗುಣದ ಬಗ್ಗೆ ಚರ್ಚೆ ಏರಿತ್ತು. ಹುಡುಗಿ ತಡೆಯಲಾರದೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಹಿಟ್ಟಿನ ಹುಳುವಿನಿಂದ ಶುರುಮಾಡಿ, 20 ದೊಡ್ಡವು, 19 ದೊಡ್ಡವು ಒಂದು ಚಿಕ್ಕದು ಎಂದು ಗೆರೆ ಎಳೆದು ತೋರಿಸಿ, ಎಲ್ಲ ಅಪ್ಪನ ಕಡೆಯಿಂದಲೇ ಬರುವುದು ತಾತ ಎಂದು ವಿವರಿಸಿದಳು. ಯಜಮಾನರು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರು. ಇಷ್ಟು ತಾಳ್ಮೆಯಿಂದ ಅವರು ಎಂಎಲ್‌ಎ ಭಾಷಣವನ್ನೂ ಕೇಳಿದವರಲ್ಲ. ಅವಳ ಮಾತು ಮುಗಿದ ಮೇಲೆ ಎಲೆ ಅಡಿಕೆ ಉಗಿದು ಬಂದು ಕೂತು ಕೇಳಿದರು:

"ಇದ್ನೆಲ್ಲ ಕಂಡಿಡಿದೋರ್ಯಾರವ್ವ?"

"ನೆಟ್ಟಿ ಸ್ಟೀವನ್ಸ್ ಅಂತ, ಅಮೆರಿಕದೋರು ತಾತ."

"ಎಂಗ್ಸಾ?"

"ಹೂಂ."

"ಆ ಯಮ್ಮುಂಗ ಮಕ್ಕ ಎಷ್ಟು?"

ಹುಡುಗಿ ಸುಳ್ಳು ಹೇಳಲಿಲ್ಲ. "ಅವ್ರು ಮದ್ವೇನೇ ಆಗಿರ್ಲಿಲ್ಲ."

ಯಜಮಾನರು ಟವೆಲು ಒದರಿ ಹೆಗಲಿಗೆ ಹಾಕಿಕೊಂಡರು. "ಅಂಗನ್ನು ಮತ್ತ."